ಒಂದೇ ಒಂದು ಎಳಿ

ಮೊದಲು ಕೇಳಿದವಳು ಮಂಗಲಪೇಟಿಯ ಎಸ್ತೇರಮ್ಮ.
ಹೆಬ್ಬೆರಳ ಮೇಲೆ ಕಡಲೆಯಷ್ಟು ನರೂಲಿ.
‘ಕುದುರಿ ಬಾಲದ್ದು ಒಂದೇ ಒಂದು ಎಳಿ ಕೊಡವ್ವಾ,
ಬಿಗಿದು ಕಟ್ಟತೀನಿ, ಎಂಟು ದಿನಕ್ಕ ತಾನೇ ಉದರತದ.’
ಕೊಟ್ಟೆ.
ಉದುರಿತು.
ಅದೇ ತಪ್ಪಾಯಿತು ನೋಡ್ರಿ.

ಆಮೇಲೆ ಚಿದ್ರಿಯಿಂದ ಬಂದರು, ನೌಬಾದದಿಂದ ಬಂದರು,
ಜರಡಿ ಹೆಣೆಯುವವನೊಬ್ಬ ಹಿಡಿ ತುಂಬ ಕೇಳಿದ,
ಕೂಸಿನ ಕಾಲಿಗೆ ದೃಷ್ಟಿದಾರ ಹೊಸೆಯಲು ಒಬ್ಬಳು,
ಯಾರೂ ಇಲ್ಲದಾಗ ಗೋಡೆ ಹಾರಿ ಶಾಲೆಯ ಹುಡುಗರು.
ಕುತ್ತಿಗೆ ಕೂದಲಿನ ಕಥೆ ಬೇರೆ,
ಅದನ್ನು ಕೆಡಿಸಿದವರು ನಾವೇ:
ಮದುವೆ ಸೀಜನ್ನಿಗೆ ರಾತ್ರಿಗೆರಡು ಬರಾತು,
ಪ್ಲಾಸ್ಟಿಕ್ ಗುಲಾಬಿ, ಜರಿ, ರಬ್ಬರ್ ಬ್ಯಾಂಡು,
ಬಿಚ್ಚಲು ಪುರುಸೊತ್ತಿಲ್ಲದೆ ಅಬ್ಬಾ ಕತ್ತರಿ ಆಡಿಸುತ್ತಿದ್ದ.

ಬೇಸಿಗೆ ಬಂದಾಗ ಚಿಮಣಿಯ ಹಿಂದೆ
ಉಳಿದದ್ದು ಹಳೇ ಕಸಬರಿಗೆಯ ಬುಡ.
ನೊಣ ಬಂದವು.
ಅವಳು ಬಾಲ ಬೀಸುತ್ತಿದ್ದಳು, ಇಲ್ಲದ ಬಾಲ,
ಬರೀ ಮೂಳೆ ಅತ್ತ ಇತ್ತ ಹೊರಳುತ್ತಿತ್ತು,
ಕೂತ ನೊಣ ಕೂತೇ ಇತ್ತು.
ಸದ್ದಿಲ್ಲದ ಆ ಬೀಸಾಟ ನೋಡಲಾಗದೆ
ನಾನು ದುಪಟ್ಟಾ ತೆಗೆದು ಬೀಸುತ್ತ ನಿಂತೆ, ಮಧ್ಯಾಹ್ನವೆಲ್ಲ.

ಕಮಠಾಣ ರಸ್ತೆಯ ಕಾಲೇಜಿನಿಂದ ಡಾಕ್ಟರ್ ಶೇವಂತಿ ರಾಠೋಡ ಬಂದಳು.
ಬಾಲ ಎತ್ತಿ ನೋಡಿದಳು, ಆಮೇಲೆ ಗೋಡೆ ನೋಡಿದಳು,
ಮುರಕಲ್ಲಿಗೆ ಅಂಟಿದ ಕರೀ ಕೂದಲು.
‘ಮಂದಿ ಕಿತ್ತದ್ದು ಅರ್ಧ, ತಾನೇ ತಿಕ್ಕೊಂಡದ್ದು ಅರ್ಧ.
ಹೊಟ್ಟಿಯೊಳಗ ಹುಳ ಅದ. ತುರಿಕಿ ಅದಕ್ಕೇ.’
ಬಾಯಿಗೆ ಔಷಧ, ಬುಡಕ್ಕೆ ಬೇವಿನ ನೀರು,
ದಿನಾ ಒಂದು ಹಿಡಿ ಅಗಸಿ, ಚೆನ್ನಾಗಿ ಬೇಯಿಸಿ.
‘ಬಾಚಣಿಗಿ ಮುಟ್ಟಬ್ಯಾಡ. ಬೆರಳಿಂದ ಬಿಡಿಸು,
ತುದಿಯಿಂದ ಮ್ಯಾಲಕ್ಕ. ಜಗ್ಗಬ್ಯಾಡ.’
‘ಎಷ್ಟು ದಿನ?’
‘ತಿಂಗಳಿಗೆ ಒಂದು ಬೆರಳು ಅಂತ ಹಿಡಿ.
ಅದೂ ಖುಷಿಯಾಗಿದ್ದರ.’
ಕುದುರೆಯ ಖುಷಿಗೆ ಏನು ತಿನ್ನಿಸಬೇಕು ಅಂತ
ಚೀಟಿಯಲ್ಲಿ ಬರೆದಿರಲಿಲ್ಲ.

ಕುಸುಬಿ ಎಣ್ಣೆ ಅಂಗೈಗೆ ಸುರಿದುಕೊಂಡು ಕೂತೆ.
ಒಂದೊಂದೇ ಗಂಟು, ಮಗರಿಬ್ ಅಜಾನಿನಿಂದ
ಕರೆಂಟು ಹೋಗುವವರೆಗೆ.
ನನ್ನ ತಲೆಗೂ ಇಷ್ಟು ಮಾಡಿದವಳಲ್ಲ.
ಸಿಕ್ಕಿನೊಳಗೆ ಸಿಕ್ಕವು ಅಕ್ಷತೆಯ ಎರಡು ಕಾಳು,
ಯಾರದೋ ಸೆಹರಾದ ಮಣಿ, ಸುಟ್ಟ ಪಟಾಕಿಯ ಕಾಗದ,
ಹತ್ತರ ನೋಟಿನ ಹರಿದ ಮೂಲೆ.
ಭಾಲ್ಕಿಯ ಮದುಮಗನೊಬ್ಬ ಇಳಿಯಲು ಹೆದರಿ
ಇವಳ ಕುತ್ತಿಗೆ ಅಪ್ಪಿಕೊಂಡೇ ಇದ್ದ, ಅರ್ಧ ತಾಸು.
ಅವನ ಮುಷ್ಟಿಯಲ್ಲೂ ಒಂದಿಷ್ಟು ಹೋಗಿರಬೇಕು.
ಹೋಗಲಿ, ಅವನದು ಲೆಕ್ಕಕ್ಕಿಲ್ಲ.

ನಡುವೆ ಬ್ಯಾಂಡಿನ ಜಬ್ಬಾರಮಾಮು ನೈಲಾನಿನ ಬಾಲ ತಂದ.
‘ಕಟ್ಟಿ ಕಳಸ್ರಿ, ಐದು ಬುಕಿಂಗ್ ಅದಾವ.’
ಕಟ್ಟಿದೆವು. ಅಗಸಿಗೂ ರೊಕ್ಕ ಬೇಕಲ್ಲ.
ಗವಾನ್ ಚೌಕಿನಲ್ಲಿ, ಡ್ರಮ್ಮಿನ ಮೊದಲ ಪೆಟ್ಟಿಗೇ
ಚಿಮಣಿ ಒಂದು ಸಲ ಬೀಸಿದಳು,
ಬಾಲ ಹಾರಿ ವರನ ಸೋದರಮಾವನ ಹೆಗಲೇರಿತು.
ಆತ ಶಾಲು ಅಂದುಕೊಂಡು ಸರಿಮಾಡಿಕೊಂಡ.
ಆ ವರ್ಷ ಅಬ್ಬಾ ನಕ್ಕದ್ದು ಅದೊಂದೇ ಸಲ.

ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲ ಗೀಟು.
ಮೊಹರಂಗೆ ಒಂದು, ಸಫರಿಗೆ ಇನ್ನೊಂದು,
ರಮಜಾನಿಗೆ ಒಂದು ಇರುವಾಗ, ರಜಬಿನ ಏಳನೆಯ ಗೀಟಿಗೆ
ಬೀಸಿದ ಬಾಲಕ್ಕೆ ಒಂದು ನೊಣ ಎದ್ದುಹೋಯಿತು.
ಹೆದರಿ ಎದ್ದಿತೋ, ಬೇಸತ್ತು ಎದ್ದಿತೋ.
ನಾನಂತೂ ಒಳಗೆ ಓಡಿ ಎಲ್ಲರಿಗೂ ಹೇಳಿದೆ.

ನಿನ್ನೆ ಎಸ್ತೇರಮ್ಮನ ಮೊಮ್ಮಗ ಪ್ರಭುದಾಸ ಬಂದಿದ್ದ,
ಮೊಣಕಾಲಿಗೆ ನರೂಲಿ.
‘ಅಕ್ಕಾ, ಒಂದೇ ಒಂದು ಎಳಿ.’
ಕಟ್ಟೆಯ ಮೇಲೆ ಕೂಡಿಸಿ ಕಣ್ಣು ಮುಚ್ಚು ಅಂದೆ,
ನನ್ನ ಜಡೆಯಿಂದ ಒಂದು ಕಿತ್ತು ಬಿಗಿದು ಕಟ್ಟಿದೆ.
ಮುಟ್ಟಿ ನೋಡಿದ, ಅನುಮಾನದಿಂದ:
‘ಭಾಳ ಮೆತ್ತಗದ.’
‘ಹೊಸಾದು,’ ಅಂದೆ. ‘ಈಗೀಗ ಬರಲಾಕತ್ತದ.’